ಹತ್ತುವ ಮೊದಲು ಇಳಿಯುವ ಲೆಕ್ಕ

ಮಳೆ ಹಿಂದೆ ಸರಿದು ಬೆಟ್ಟದ ಹುಲ್ಲು ಇನ್ನೂ ಹಸಿರಾಗಿರುವ ಹೊತ್ತಿಗೆ ನಮ್ಮ ವಿಳಾಸಕ್ಕೆ ಚಾರಣದ ಪತ್ರಗಳು ಹೆಚ್ಚುತ್ತವೆ. ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳ ಪ್ರಶ್ನೆಗಳನ್ನಷ್ಟೇ ಆರಿಸಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಮನೆಯಿಂದ ಎಂಟು ಜನ ಹೊರಟಿದ್ದೇವೆ. ಮಗನಿಗೆ ಒಂಬತ್ತು ವರ್ಷ, ಅತ್ತೆಗೆ ಅರವತ್ತೆರಡು. ಮುಳ್ಳಯ್ಯನಗಿರಿಯನ್ನು ಸರ್ಪದಾರಿಯಲ್ಲಿ ಹತ್ತಬೇಕೆಂದು ನನ್ನ ಆಸೆ. ಕಾರೇ ತುದಿಗೆ ಹೋಗುವಾಗ ನಡೆಯುವುದೇಕೆ ಅಂತ ನಮ್ಮ ಯಜಮಾನರು. ಯಾರ ಮಾತು ಕೇಳೋಣ? (ಹಾಸನ)

ಇಬ್ಬರದೂ ಕೇಳಿ. ಕಾರು ಹೋಗುವುದು ತುದಿಯ ಕೆಳಗಿನವರೆಗೆ ಮಾತ್ರ. ಅಲ್ಲಿಂದ ಮುಳ್ಳಪ್ಪಸ್ವಾಮಿಯ ಗುಡಿಗೆ ನೂರಾರು ಮೆಟ್ಟಿಲು ಹತ್ತಲೇಬೇಕು. ರಜೆ ದಿನ ಸಂದಣಿಯಾದರೆ ಸೀತಾಳಯ್ಯನಗಿರಿಯಲ್ಲೇ ಗಾಡಿ ನಿಲ್ಲಿಸಿ ಜೀಪು ಹಿಡಿಯಬೇಕಾದೀತು. ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ಮುಂಗಡ ನೋಂದಣಿ ತಂದಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡು ಭಾಗ. ಬೆಳಗಿನದನ್ನೇ ತೆಗೆದುಕೊಳ್ಳಿ, ಮಧ್ಯಾಹ್ನದ ಮೇಲೆ ಮೋಡ ಕವಿದರೆ ಅಷ್ಟು ದೂರ ಬಂದದ್ದು ಎದುರಿನವರ ಬೆನ್ನು ನೋಡಲಿಕ್ಕೆ ಎಂಬಂತಾಗುತ್ತದೆ.

ಸರ್ಪದಾರಿ ಸಿಗುವುದು ಕೈಮರ ದಾಟಿ ಗಿರಿಯ ರಸ್ತೆ ಏರುವಾಗ. ಮೂರರಿಂದ ನಾಲ್ಕು ಕಿ.ಮೀ. ಕಾಲುದಾರಿ, ಹೆಸರಿಗೆ ತಕ್ಕಂತೆ ಅತ್ತಿತ್ತ ಬಳುಕುತ್ತ ಹುಲ್ಲುಗುಡ್ಡದ ಮೇಲೆ ಏರುತ್ತದೆ. ನೆರಳು ಅಪರೂಪ. ದಾರಿಯಲ್ಲಿ ನೀರು ಸಿಕ್ಕೀತೆಂಬ ಭರವಸೆ ಬೇಡ. ಅಭ್ಯಾಸ ಇಲ್ಲದವರಿಗೆ ಎರಡು ಗಂಟೆ, ಮಕ್ಕಳಿದ್ದರೆ ಎರಡೂವರೆ ಹಿಡಿಯಿರಿ. ಒಂಬತ್ತರ ಹುಡುಗ ಮೊದಲರ್ಧ ಓಡುತ್ತಾನೆ, ಎರಡನೆಯ ಅರ್ಧದಲ್ಲಿ ಕೂರುತ್ತಾನೆ. ಅವನನ್ನು ಸಾಲಿನ ಮುಂದೆ ಬಿಡದೆ ಎರಡನೆಯವನಾಗಿ ನಡೆಸಿದರೆ ಉಸಿರು ಉಳಿಯುತ್ತದೆ.

ನಿಮ್ಮ ಮನೆಗೆ ಹೊಂದುವ ಏರ್ಪಾಡು ಹೀಗೆ. ನಡೆಯುವವರು ಸರ್ಪದಾರಿಯ ಬುಡದಲ್ಲಿ ಇಳಿದುಕೊಳ್ಳಲಿ. ಅತ್ತೆಯವರನ್ನು ಕೂರಿಸಿಕೊಂಡು ಯಜಮಾನರು ಕಾರಿನಲ್ಲಿ ಮೇಲೆ ಬರಲಿ. ವಾಪಸು ಎಲ್ಲರೂ ಕಾರಿನಲ್ಲೇ. ಹತ್ತಿದ ದಾರಿಯಲ್ಲೇ ಇಳಿಯುವಾಗ ಮೊಣಕಾಲಿಗೆ ಬೀಳುವ ಪೆಟ್ಟು ಇದರಿಂದ ತಪ್ಪುತ್ತದೆ. ಫೋನ್ ಸಿಗ್ನಲ್ ನಂಬಿಕೊಳ್ಳದೆ ಎಷ್ಟು ಹೊತ್ತಿಗೆ, ಎಲ್ಲಿ ಸೇರುವುದು ಎಂದು ಕೆಳಗೇ ಮಾತಾಡಿಕೊಳ್ಳಿ.

ಚಳಿಯ ಲೆಕ್ಕವನ್ನೂ ಹಾಕಬೇಕು. ಎತ್ತರ 100 ಮೀ. ಏರಿದಂತೆ ಉಷ್ಣಾಂಶ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀ., ಗಿರಿಯ ತುದಿ ಸುಮಾರು 1,930 ಮೀ. ಅಂದರೆ ಪೇಟೆಗಿಂತ ಐದು ಡಿಗ್ರಿ ತಣ್ಣಗೆ, ಅದರ ಮೇಲೆ ಗಾಳಿ. ಬೆವರಿನಲ್ಲಿ ಒದ್ದೆಯಾದ ಬನಿಯನ್ ಮೈಮೇಲೇ ಇದ್ದರೆ ತುದಿಯಲ್ಲಿ ಕೂತ ಐದೇ ನಿಮಿಷಕ್ಕೆ ನಡುಕ ಶುರು. ಸ್ವೆಟರಿಗಿಂತ ಮೊದಲು ಚೀಲದಲ್ಲಿ ಇರಬೇಕಾದದ್ದು ಒಂದು ಒಣ ಬನಿಯನ್.

ಇನ್ನೊಂದು ಮಾತು. ಸರ್ಪದಾರಿಯ ತಿರುವುಗಳನ್ನು ಕತ್ತರಿಸಿ ನೇರ ಏರುವ ಒಳದಾರಿಗಳು ಕಾಣುತ್ತವೆ. ಆ ಸೀಳುಗಳು ಮಳೆಗಾಲದಲ್ಲಿ ಕಾಲುವೆಗಳಾಗಿ ಕೆಳಗಿನ ದಾರಿಯನ್ನೇ ಕೊಚ್ಚುತ್ತವೆ. ಸುತ್ತಿ ಹೋಗಿ.

ಕುದುರೆಮುಖ ಶಿಖರಕ್ಕೆ ಹೋಗಿಬರಲು ಎಷ್ಟು ಹೊತ್ತು ಬೇಕು? ಯೂಟ್ಯೂಬಿನಲ್ಲಿ ಒಬ್ಬರು ಆರು ಗಂಟೆ ಅಂತಾರೆ, ಇನ್ನೊಬ್ಬರು ಹತ್ತು ಗಂಟೆ. (ಕಡೂರು, ಬೇಲೂರು)

ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರವರ ಕಾಲಿನ ಲೆಕ್ಕ ಹೇಳುತ್ತಿದ್ದಾರೆ. ನಿಮ್ಮದು ಬೇರೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತ ಹಾಕಿಕೊಟ್ಟ ಸೂತ್ರ ಒಂದಿದೆ. ಗಂಟೆಗೆ 5 ಕಿ.ಮೀ. ನಡಿಗೆ, ಅದರ ಮೇಲೆ ಪ್ರತಿ 600 ಮೀ. ಏರಿಗೆ ಒಂದು ಗಂಟೆ ಹೆಚ್ಚುವರಿ. ನಮ್ಮ ಬೇರು, ಕಲ್ಲು, ಹಳ್ಳಗಳ ದಾರಿಗೆ 5 ತೆಗೆದು 4 ಇಟ್ಟುಕೊಳ್ಳಿ.

ಚಾರಣ ಶುರುವಾಗುವ ಮುಳ್ಳೋಡಿಯಿಂದ 1,894 ಮೀ. ಎತ್ತರದ ಶಿಖರಕ್ಕೆ ಒಂದು ಕಡೆಗೆ ಒಂಬತ್ತು ಕಿ.ಮೀ. ಆಸುಪಾಸು, ಏರು ಸುಮಾರು ಒಂದು ಸಾವಿರ ಮೀಟರ್. ನಡಿಗೆಗೆ 2 ಗಂಟೆ 15 ನಿಮಿಷ, ಏರಿಗೆ 1 ಗಂಟೆ 40 ನಿಮಿಷ, ಗಂಟೆಗೆ ಹತ್ತು ನಿಮಿಷ ವಿಶ್ರಾಂತಿಯಂತೆ 40 ನಿಮಿಷ. ಅಲ್ಲಿಗೆ ಹತ್ತಲು 4 ಗಂಟೆ 35 ನಿಮಿಷ. ಮೇಲೆ ಮುಕ್ಕಾಲು ಗಂಟೆ. ಇಳಿಯಲು ಗಂಟೆಗೆ 3 ಕಿ.ಮೀ.ಯಂತೆ ಮೂರು ಗಂಟೆ, ಜತೆಗೆ 20 ನಿಮಿಷ ವಿಶ್ರಾಂತಿ. ಒಟ್ಟು ಎಂಟೂಮುಕ್ಕಾಲು ಗಂಟೆಗೆ ಐದು ನಿಮಿಷ ಕಡಿಮೆ ಎಂದಿಟ್ಟುಕೊಳ್ಳಿ.

ಬೆಳಿಗ್ಗೆ 7ಕ್ಕೆ ಹೊರಟರೆ 4ರೊಳಗೆ ಮುಳ್ಳೋಡಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಈ ನಡುವಿನ ಎರಡು ಗಂಟೆ ಸೋಮಾರಿತನಕ್ಕೆ ಇಟ್ಟದ್ದಲ್ಲ, ಯಾರದಾದರೂ ಹಿಮ್ಮಡಿ ಉಳುಕಿದರೆ ಕುಂಟುತ್ತ ಇಳಿಸಲು ಇಟ್ಟದ್ದು. ಅದೇ ಬೆಳಗಿನ ತಿಂಡಿ, ಜೀಪು, ಫೋಟೋ ಅಂತ 9ಕ್ಕೆ ಹೊರಟಿರೋ, ಕೆಳಗೆ ಮುಟ್ಟುವಾಗ ಹತ್ತಿರ ಹತ್ತಿರ 6. ಬಯಲಿನಲ್ಲಿ ಆರಕ್ಕೆ ಇನ್ನೂ ಬೆಳಕಿರುತ್ತದೆ. ಕಣಿವೆಯ ದಟ್ಟ ಶೋಲಾ ಕಾಡಿನ ಒಳಗೆ ಐದೂವರೆಗೇ ಕಾಲು ಇಡುವ ಜಾಗ ಕಾಣುವುದಿಲ್ಲ.

ಹಾಗಾಗಿ ಹೊರಡುವ ಮೊದಲೇ ಮರಳುವ ಗಂಟೆಯೊಂದನ್ನು ಗೊತ್ತುಮಾಡಿ. ಕುದುರೆಮುಖಕ್ಕೆ ಮಧ್ಯಾಹ್ನ 12.30. ಆ ಹೊತ್ತಿಗೆ ಎಲ್ಲಿದ್ದರೂ ಬೆನ್ನು ತಿರುಗಿಸಬೇಕು, ಶಿಖರ ಇನ್ನೂರೇ ಮೀಟರ್ ಮೇಲಿದ್ದರೂ. ಇದನ್ನು ಮೇಲೆ ಹೋಗಿ ತೀರ್ಮಾನಿಸುವುದು ಅಸಾಧ್ಯ. ತುದಿ ಕಣ್ಣಿಗೆ ಬಿದ್ದ ಮೇಲೆ ಗುಂಪಿನಲ್ಲಿ ಯಾರಿಗೂ ಗಡಿಯಾರ ಕಾಣುವುದಿಲ್ಲ. ನಿಧಾನ ನಡೆಯುವವರ ಕಾಲಿಗೆ ಲೆಕ್ಕ ಹಾಕಿ, ಅವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಮುಂದಿನವರು ಕೂತು ದಣಿವಾರಿಸಿಕೊಂಡು, ಅವರು ಏದುತ್ತ ಬಂದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ.

ದಾರಿಯ ಮೊದಲ ಭಾಗದಲ್ಲಿ ಹಳ್ಳಗಳಿವೆ. ಒಂಟಿಮರ ದಾಟಿದ ಮೇಲೆ ಬೆಟ್ಟದ ಬೆನ್ನಿನ ಬಯಲು ಏಣು, ಬಿಸಿಲು, ಗಾಳಿ. ಒಂಟಿಮರದ ಬಳಿ ಬಾಟಲಿ ನೋಡಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ನೀರು ಅಷ್ಟರಲ್ಲೇ ಖಾಲಿಯಾಗಿದ್ದರೆ ಹೆಜ್ಜೆ ಜೋರಾಯಿತು ಎಂದರ್ಥ. ಸಂಸೆ, ಬಾಳೆಗಲ್ ಕಡೆಯಿಂದ ಮುಳ್ಳೋಡಿವರೆಗಿನ ಮಣ್ಣುರಸ್ತೆಗೆ ಜೀಪೇ ಸರಿ. ನಿಮ್ಮ ಕಾರಿನ ತಳ ಅಲ್ಲಿ ಉಳಿಯುವುದಿಲ್ಲ.

ಪರವಾನಗಿ ಎಲ್ಲಿ ಸಿಗುತ್ತದೆ? (ಹಲವರು)

ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಬಂದ ವ್ಯವಸ್ಥೆ ಇದು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಇದೆ. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿ ಗೇಟಿನಲ್ಲಿ ತೋರಿಸಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೂ, ಜೋರು ಮಳೆಯಲ್ಲಿ ಜಾರು, ಹಳ್ಳದ ಭಯಕ್ಕೂ ದಾರಿ ಮುಚ್ಚುತ್ತಾರೆ. ರೂಮು ಕಾಯ್ದಿರಿಸುವ ಮೊದಲು ದಾರಿ ತೆರೆದಿದೆಯೇ ನೋಡಿ. ಕಾಡಿನಲ್ಲಿ ಟೆಂಟು, ಒಲೆ, ಡ್ರೋನ್ ಯೋಚನೆ ಬಿಡಿ.

ಬಲ್ಲಾಳರಾಯನ ದುರ್ಗದಲ್ಲಿ ಮಂಜು ಕವಿದು ದಾರಿ ತಪ್ಪಿದರೆ ಏನು ಮಾಡಬೇಕು? ನೀರಿನ ಜಾಡು ಹಿಡಿದು ಇಳಿದರೆ ಊರು ಸಿಕ್ಕೇ ಸಿಗುತ್ತದೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. (ಮೂಡಿಗೆರೆ)

ದೊಡ್ಡಪ್ಪನವರ ಮಾತು ಬಯಲುಸೀಮೆಗೆ ಸರಿ. ದುರ್ಗದಲ್ಲಿ ಅದೇ ಮಾತು ಪ್ರಾಣ ತೆಗೆಯಬಹುದು.

ಆ ಬೆಟ್ಟ ನಿಂತ ಜಾಗ ನೋಡಿ. ಅದರ ಆಸುಪಾಸಿನಲ್ಲೇ ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಪೂರ್ವಕ್ಕೆ ಹರಿದು, ಸಕಲೇಶಪುರ, ಗೊರೂರು ದಾಟಿ ಕಾವೇರಿಯನ್ನು ಸೇರುತ್ತಾಳೆ. ಅದೇ ಏಣಿನ ಪಡುವಣ ಮಗ್ಗುಲಿನ ನೀರು ಬಂಡಾಜೆ ಅರ್ಬಿಯಾಗಿ ಧುಮುಕಿ ನೇತ್ರಾವತಿಗೆ ಹೋಗುತ್ತದೆ. ‘ಅರ್ಬಿ’ ಎಂದರೆ ತುಳುವಿನಲ್ಲಿ ಜಲಪಾತ. ಹುಲ್ಲುಗಾವಲಿನ ಮೇಲೆ ಪಾದ ಮುಳುಗುವಷ್ಟೇ ಆಳದಲ್ಲಿ ಮೆಲ್ಲಗೆ ಹರಿಯುವ ತೊರೆ, ಮುಂದೆ ಇದ್ದಕ್ಕಿದ್ದಂತೆ ಬಂಡೆಯ ತುದಿಯಿಂದ ಕೆಳಗೆ ಬೀಳುತ್ತದೆ. ಮಂಜಿನಲ್ಲಿ ಅಂಚು ಕಾಣುವುದಿಲ್ಲ. ಪಾಚಿ ಹತ್ತಿದ ಕಲ್ಲಿನ ಮೇಲೆ ಕಾಲಿಟ್ಟ ಮೇಲೆ ನಿಲ್ಲುವುದೂ ಇಲ್ಲ. ಘಟ್ಟದ ಪಡುವಣ ಅಂಚಿನಲ್ಲಿ ನೀರು ಊರಿಗೆ ಕರೆದೊಯ್ಯುವುದಿಲ್ಲ, ಕಮರಿಗೆ ಕರೆದೊಯ್ಯುತ್ತದೆ.

ಮಂಜು ಬಂದರೆ ಮೊದಲ ಕೆಲಸ ನಿಲ್ಲುವುದು. ಗುಂಪನ್ನು ಒಟ್ಟುಮಾಡಿ, ತಲೆ ಎಣಿಸಿ, ಕೂತುಬಿಡಿ. ಅರ್ಧ ಗಂಟೆಯಲ್ಲಿ ಗಾಳಿ ಬೀಸಿ ತೆರಪು ಸಿಗುವುದು ಸಾಮಾನ್ಯ. ಆ ತೆರಪಿನಲ್ಲಿ ಕೋಟೆಯ ಗೋಡೆ ಯಾವ ದಿಕ್ಕಿಗಿದೆ ಎಂದು ನೋಡಿ ಫೋನಿನ ದಿಕ್ಸೂಚಿಯಲ್ಲಿ ಗುರುತಿಟ್ಟುಕೊಳ್ಳಿ. ಹೊಯ್ಸಳರ ಕಾಲದ ಆ ಹಾಳುಕೋಟೆಯ ಗೋಡೆ ಏಣಿನ ಮೇಲೆ ಉದ್ದಕ್ಕೆ ಹೋಗಿದೆ. ಮಂಜಿನಲ್ಲಿ ಕೈಗೆ ಸಿಕ್ಕುವ ಕಟಾಂಜನ ಅದೇ. ಗೋಡೆಯ ಮೇಲೆ ಹತ್ತಬೇಡಿ, ಬಿಡಿಕಲ್ಲು ಉರುಳುತ್ತದೆ. ಪಕ್ಕದಲ್ಲಿ ನಡೆಯಿರಿ.

ಹುಲ್ಲಿನಲ್ಲಿ ಸಿಗುವ ಜಾಡುಗಳೆಲ್ಲ ಮನುಷ್ಯರವಲ್ಲ. ಕಾಟಿ (ಕಾಡುಕೋಣ), ದನಗಳ ಜಾಡು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹೋಗುತ್ತದೆ. ಒಂದರ ಮೇಲೊಂದು ಸಮಾನಾಂತರ ಗೆರೆಗಳಾಗಿ ಕಾಣುತ್ತದೆ. ಸಗಣಿ, ಗೊರಸಿನ ಗುರುತು ಇದ್ದೇ ಇರುತ್ತದೆ. ಮನುಷ್ಯರು ತುಳಿದ ದಾರಿ ಏರಿನತ್ತ ಓರೆಯಾಗಿ ಸಾಗುತ್ತದೆ, ಕಲ್ಲಿನ ಮೇಲೆ ಶೂ ಉಜ್ಜಿದ ಬಿಳಿ ಗೀರು ಬಿದ್ದಿರುತ್ತದೆ. ಹತ್ತು ನಿಮಿಷ ನಡೆದರೂ ಗೀರು ಕಾಣದಿದ್ದರೆ ನೀವು ಕಾಟಿಯ ಹಿಂದೆ ಹೊರಟಿದ್ದೀರಿ. ಬಂದ ಹಾಗೇ ಹಿಂದಕ್ಕೆ ಬನ್ನಿ.

ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಆದರೆ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಮುಗಿಯುವುದೇ ಹೆಚ್ಚು, ಏರೋಪ್ಲೇನ್ ಮೋಡಿನಲ್ಲಿಟ್ಟು ಚಳಿ ತಾಗದಂತೆ ಒಳಜೇಬಿನಲ್ಲಿಡಿ. ಕಾಗದದ ನಕ್ಷೆ ಬೇಕಾದವರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಸಾಕು. ಅದರಲ್ಲಿ ಒಂದು ಸಮೋನ್ನತಿ ರೇಖೆಗೂ ಇನ್ನೊಂದಕ್ಕೂ 20 ಮೀ. ಎತ್ತರದ ಅಂತರ. ರೇಖೆಗಳು ಅಂಟಿಕೊಂಡಂತೆ ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಕಮರಿ ಎಂದು ತಿಳಿಯಬೇಕು. ದುರ್ಗದ ಪಡುವಣ ಭಾಗ ನಕ್ಷೆಯಲ್ಲಿ ಹೆಚ್ಚುಕಮ್ಮಿ ಕಂದು ಬಣ್ಣದ ಒಂದೇ ಪಟ್ಟಿಯಂತೆ ಕಾಣುತ್ತದೆ.

ಸೀಟಿ ಪ್ರತಿಯೊಬ್ಬರ ಕೊರಳಲ್ಲೂ ಇರಲಿ. ಮೂರು ಸಲ ಊದುವುದು, ಒಂದು ನಿಮಿಷ ಕೇಳುವುದು. ಕೂಗಿದರೆ ಅರ್ಧ ಗಂಟೆಗೆ ಗಂಟಲು ಕಟ್ಟುತ್ತದೆ. ಸಿಗ್ನಲ್ ಸಿಕ್ಕಿದ ಕಡೆ 112ಕ್ಕೆ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಇಂಬಳಕ್ಕೆ (ಜಿಗಣೆಗೆ) ಏನು ಮದ್ದು? ಉಪ್ಪು ಒಯ್ಯಬೇಕೇ? (ಅರಸೀಕೆರೆ)

ಕಚ್ಚುವ ಮೊದಲು ಉಪ್ಪು ಸರಿ, ಕಚ್ಚಿದ ಮೇಲೆ ಬೇಡ. ಪ್ಯಾಂಟನ್ನು ಉದ್ದ ಕಾಲುಚೀಲದ ಒಳಗೆ ತುರುಕಿ, ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಹತ್ತುವುದು ಕಡಿಮೆ. ಹಳ್ಳ ದಾಟಿದ ಮೇಲೆ ತೊಳೆದು ಹೋಗಿರುತ್ತದೆ, ಮತ್ತೆ ಹಚ್ಚಬೇಕು. ಇದನ್ನು ಮರೆತು ‘ಮದ್ದು ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು. ಚರ್ಮಕ್ಕೇ ಸುಣ್ಣ ಬಳಿದರೆ ಸುಡುತ್ತದೆ.

ಕಚ್ಚಿಕೊಂಡ ಇಂಬಳಕ್ಕೆ ಉಪ್ಪು ಸುರಿದರೆ, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರುತ್ತದೆ. ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಅದರ ಪಕ್ಕಕ್ಕೆ ಉಗುರು ಒತ್ತಿ ಸರಿಸಿ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ಅದರ ಜೊಲ್ಲಿನಲ್ಲಿ ಹಿರುಡಿನ್ ಎಂಬ ವಸ್ತು ಇರುವುದರಿಂದ ರಕ್ತ ಹೆಪ್ಪುಗಟ್ಟದೆ ತುಂಬಾ ಹೊತ್ತು ಜಿನುಗುತ್ತದೆ. ನೋಡಲು ಭಯ, ನಷ್ಟ ಅಲ್ಪ. ಬಟ್ಟೆ ಒತ್ತಿ ಕಟ್ಟಿ ನಡೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಗಾಲದ ಶೋಲಾ ದಾರಿಗೆ ಇಳಿಯದಿರುವುದೇ ಲೇಸು.

ಮಂಗನ ಕಾಯಿಲೆ ಇರುವ ಕಡೆ ಚಾರಣ ಹೋಗಬಹುದೇ? (ಕೊಪ್ಪ)

ಮಂಗ ಸತ್ತ ಸುದ್ದಿ, ಜ್ವರದ ಸುದ್ದಿ ಇರುವ ಊರಿನ ಕಾಡಿಗೆ ಆ ಋತುವಿನಲ್ಲಿ ಹೋಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ರಕ್ತ ಹೀರುವ ಉಣ್ಣೆಹುಳದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಚಾರಣಕ್ಕೆ ಹಿತವಾದ ತಿಂಗಳುಗಳಲ್ಲೇ ಎಳೆಯ ಉಣ್ಣೆಗಳ ಓಡಾಟ ಜಾಸ್ತಿ. ಸಾಸಿವೆ ಕಾಳಿಗಿಂತ ಚಿಕ್ಕವು, ಕಚ್ಚಿದ್ದು ಗೊತ್ತಾಗುವುದಿಲ್ಲ.

ಹೋಗಲೇಬೇಕಾದವರು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರುವುದು, ಚೀಲ ಇಡುವುದು ಬೇಡ, ಬಂಡೆ ಹುಡುಕಿ. ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ತಡವಿ ನೋಡಿ. ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಇಲಾಖೆಗೆ ತಿಳಿಸಿ.

ಎತ್ತಿನ ಭುಜ ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಎರಡು ಸಲ ಜಾರಿದೆ. ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಶೂ ಹೊಸದು, ದುಬಾರಿಯದು. ದೋಷ ಎಲ್ಲಿ? (ಚಿಕ್ಕಮಗಳೂರು)

ದುಡ್ಡಿನಲ್ಲಿಲ್ಲ, ಲೇಸಿನಲ್ಲಿದೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂವಿನ ಮೂತಿಗೆ ಸಾವಿರಾರು ಸಲ ಗುದ್ದುತ್ತದೆ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುತ್ತದೆ. ಇಳಿಯಲು ಶುರು ಮಾಡುವ ಮೊದಲು ಕೂತು ಲೇಸು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಶೂವಿನ ಹಿಂಭಾಗಕ್ಕೆ ಕೂರಿಸಿ. ಬೆರಳಿನ ಕಡೆಯ ಲೇಸು ಸಡಿಲ, ಕಣಕಾಲಿನ ಕಡೆಯದು ಬಿಗಿ. ಕೊನೆಯ ಎರಡು ತೂತುಗಳನ್ನು ಒಂದೇ ಬದಿಯಲ್ಲಿ ಪೋಣಿಸಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದರೆ ಹಿಮ್ಮಡಿ ಅಲುಗುವುದಿಲ್ಲ. ಉಗುರು ಹಿಂದಿನ ದಿನವೇ ಕತ್ತರಿಸಿರಬೇಕು. ಶೂ ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡು, ಸಂಜೆ ಹೊತ್ತು ಕೊಳ್ಳಿ. ಸಂಜೆಗೆ ಪಾದ ಒಂದಿಷ್ಟು ಊದಿರುತ್ತದೆ, ಬೆಟ್ಟದಲ್ಲೂ ಊದುತ್ತದೆ.

ಜಾರಿದ್ದಕ್ಕೆ ಕಾರಣ ಋತುವನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಜಾರಿಸುವುದು ಬಂಡೆಯ ಮೇಲಿನ ಪಾಚಿ. ಜನವರಿಯ ನಂತರ ಜಾರಿಸುವುದು ಒಣಹುಲ್ಲು. ಮಲಗಿದ ಕರಡದ ಮೇಲೆ ಶೂವಿನ ಹಲ್ಲು ನೆಲಕ್ಕೆ ತಾಗುವುದೇ ಇಲ್ಲ, ಹುಲ್ಲಿನ ಹಾಸಿನ ಮೇಲೆ ಸವಾರಿ ಮಾಡಿದಂತಾಗುತ್ತದೆ. ಹುಲ್ಲು ತಪ್ಪಿಸಿ, ಮಣ್ಣು ಕಾಣುವ ಕಡೆ ಹೆಜ್ಜೆ ಇಡಿ. ಬೈರಾಪುರದ ನಾಣ್ಯ ಭೈರವೇಶ್ವರ ಗುಡಿಯಿಂದ ಹೊರಟರೆ ಬೆಟ್ಟದ ಬುಡದವರೆಗೆ ಕಷ್ಟವಿಲ್ಲ. ಕೊನೆಯ ಬಂಡೆ, ಅಂದರೆ ಎತ್ತಿನ ಹಿಣಿಲು, ಕಡಿದಾಗಿದೆ. ಅಲ್ಲಿ ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಬಂಡೆಗೆ ತಾಗಿರಲಿ, ಒಂದೇ ಅಲುಗಲಿ. ಇಳಿಯುವಾಗ ಕಡಿದಾದ ಕಡೆ ಬಂಡೆಯ ಕಡೆ ಮುಖ ಮಾಡಿ ಇಳಿಯಿರಿ. ಹೆಚ್ಚಿನವರು ನಾಚಿಕೆಗೆ ಬೆನ್ನು ಮಾಡಿ, ಕುಂಡೆ ಮೇಲೆ ಜಾರಿ, ಪ್ಯಾಂಟು ಹರಿದುಕೊಳ್ಳುತ್ತಾರೆ. ಬಂಡೆ ಒದ್ದೆಯಿದ್ದರೆ ಬುಡದಲ್ಲೇ ಕೂತು ತಿಂಡಿ ತಿಂದು ವಾಪಸು ಬನ್ನಿ.

ಸಕಲೇಶಪುರದ ಹತ್ತಿರ ನೆಂಟರ ತೋಟದಲ್ಲಿ ಇಳಿದುಕೊಳ್ಳುತ್ತೇವೆ. ಬೆಳಗಿನ ಜಾವ ಸುತ್ತ ನಡೆಯುವುದಕ್ಕೆ ಆನೆ ಭಯ ಎಷ್ಟು? ಹಳಿ ಮೇಲೆ ನಡೆದರೆ ಸೇಫ್ ಅಂತಾರೆ. (ತಿಪಟೂರು)

ಹಳಿ ಮಾತು ಮೊದಲು. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಅಲ್ಲಿ ನಡೆಯುವುದು ಅಪರಾಧ. ಸುರಂಗದ ತಿರುವಿನಲ್ಲಿ ರೈಲು ಕಾಣುವುದಿಲ್ಲ, ಸೇತುವೆಯ ಮೇಲೆ ಸರಿದು ನಿಲ್ಲಲು ಜಾಗ ಇರುವುದಿಲ್ಲ. ಆ ನೋಟ ಬೇಕಿದ್ದರೆ ಹಗಲು ರೈಲಿನ ಟಿಕೆಟ್ ತೆಗೆಯಿರಿ.

ಆನೆ ಭಯ ನಿಜ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗಳು ಕಾಫಿ ತೋಟದ ಒಳಗೇ ಹಗಲು ಕಳೆಯುತ್ತವೆ. ಗಿಡದ ಮೇಲೆ ನೆರಳು ಮರ, ಎದೆಯೆತ್ತರಕ್ಕೆ ಕಾಫಿ. ಹತ್ತು ಮಾರು ದೂರದಲ್ಲಿ ನಿಂತ ಆನೆ ಕಾಣದೆ ಹೋಗುವುದು ಅಚ್ಚರಿಯಲ್ಲ. 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರೆಯ ಆನೆ ಅರ್ಜುನನೇ ಕಾದಾಡಿ ಸತ್ತದ್ದು ನೆನಪಿರಬಹುದು.

ಆದ್ದರಿಂದ ಬೆಳಗಿನ ಜಾವ ಬೇಡ. ಬಿಸಿಲು ನೆಲಕ್ಕೆ ಬಿದ್ದ ಮೇಲೆ, ಏಳು ಗಂಟೆಯ ನಂತರ ಹೊರಡಿ, ಸಂಜೆ ಐದರೊಳಗೆ ಮನೆಯಲ್ಲಿರಿ. ಹೊರಡುವ ಮೊದಲು ತೋಟದ ಲೆಕ್ಕ ಬರೆಯುವ ರೈಟರನ್ನೋ, ಕೆಲಸಗಾರರ ಲೈನ್ ಮನೆಯವರನ್ನೋ ‘ಇವತ್ತು ಎಲ್ಲಿದೆ?’ ಎಂದು ಕೇಳಿ. ಅವರ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಬಂದಿರುತ್ತದೆ. ದಾರಿಯಲ್ಲಿ ಬೈನೆ ಮರ ಸೀಳಿ ಬಿದ್ದಿದ್ದರೆ, ಲದ್ದಿ ಇನ್ನೂ ಹಬೆಯಾಡುತ್ತಿದ್ದರೆ ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬೇಡ. ಹಲಸು ಹಣ್ಣಾಗುವ ಕಾಲದಲ್ಲಿ, ಗದ್ದೆ ಕೊಯ್ಲಿನ ಕಾಲದಲ್ಲಿ ಎಚ್ಚರ ಇಮ್ಮಡಿಯಾಗಿರಲಿ. ಎದುರಾದರೆ ಫೋಟೋ ತೆಗೆಯದೆ, ಕೂಗದೆ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ಇಳಿಜಾರಿನಲ್ಲಿ ಆನೆ ಓಡಲಾರದು ಎಂಬುದು ಕಟ್ಟುಕತೆ. ನಿಮಗಿಂತ ವೇಗವಾಗಿ ಓಡುತ್ತದೆ.

ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ. ಬಿದಿರೋ ಕೊಂಬೆಯೋ ಮುರಿಯುವ ಸದ್ದೊಂದೇ ಬಹಳ ಸಲ ಸಿಗುವ ಎಚ್ಚರಿಕೆ.

ಹಳ್ಳದ ನೀರು ಕುಡಿಯಬಹುದೇ? ಒಬ್ಬರಿಗೆ ಎಷ್ಟು ನೀರು ಬೇಕು? (ಆಲೂರು)

ಇಡೀ ದಿನದ ಚಾರಣಕ್ಕೆ ತಲೆಗೆ ಮೂರು ಲೀಟರ್. ಹಳ್ಳದ ನೀರಿನ ವಿಚಾರದಲ್ಲಿ ಹಳ್ಳ ತೋಟದ ಮೇಲಿದೆಯೋ ಕೆಳಗಿದೆಯೋ ನೋಡಬೇಕು. ತೋಟಗಳಿಗಿಂತ ಮೇಲಿನ ಶೋಲಾದಿಂದ ಬರುವ ನೀರನ್ನು ಕುದಿಸಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ತೋಟದ ಕೆಳಗಿನ ನೀರಿಗೆ ಸಿಂಪಡಣೆಯ ಔಷಧ ಸೇರಿರಬಹುದು, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ (ಪಲ್ಪಿಂಗ್) ನೀರೂ ಬಂದಿರಬಹುದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಔಷಧ ಹೋಗುವುದಿಲ್ಲ.

ಬರೀ ನೀರು ಕುಡಿದರೆ ಮೀನಖಂಡ ಸೆಟೆದುಕೊಳ್ಳುವವರು ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟಸವಾಗಿ ಅಳೆದು ಕಲಸಿಕೊಳ್ಳಲಿ. ಉಪ್ಪು ಹೆಚ್ಚಾದರೆ ಕೆಡುಕೇ. ಬುತ್ತಿಗೆ ಚಟ್ನಿಪುಡಿ ಸವರಿದ ಚಪಾತಿ, ಕಡಲೆಕಾಯಿ, ಬೆಲ್ಲ, ಕಿತ್ತಳೆ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ.

ದೇವೀರಮ್ಮನ ಬೆಟ್ಟಕ್ಕೆ ಹರಕೆ ಇದೆ. ಬರಿಗಾಲಲ್ಲಿ ಹತ್ತಬೇಕು. ಸಿದ್ಧತೆ ಹೇಗೆ? (ತರೀಕೆರೆ)

ದೀಪಾವಳಿಯ ನರಕ ಚತುರ್ದಶಿಗೆ ಇನ್ನು ಮೂರು ವಾರ ಇರುವಾಗಲೇ ದಿನಕ್ಕೆ ಅರ್ಧ ಗಂಟೆ ಬರಿಗಾಲಲ್ಲಿ ಮಣ್ಣು, ಜಲ್ಲಿಯ ಮೇಲೆ ನಡೆಯಿರಿ. ಒಮ್ಮೆಲೇ ಹತ್ತಿದರೆ ಗುಳ್ಳೆ ಏಳುವುದು ಹಿಮ್ಮಡಿಯಲ್ಲಲ್ಲ, ಬೆರಳುಗಳ ಬುಡದಲ್ಲಿ. ಹಿಮ್ಮಡಿ ಬಿರುಕಿದ್ದರೆ ಈಗಿನಿಂದಲೇ ಎಣ್ಣೆ ಹಚ್ಚಿ ಮುಚ್ಚಿಸಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ. ಮಲ್ಲೇನಹಳ್ಳಿ ಕಡೆಯಿಂದಲೂ ಮಾಣಿಕ್ಯಧಾರಾ ಕಡೆಯಿಂದಲೂ ಜನ ಹತ್ತುತ್ತಾರೆ. ಮಳೆ ಬಂದರೆ ಸಾವಿರಾರು ಕಾಲು ತುಳಿದ ಮಣ್ಣು ಸಾಬೂನಿನಂತೆ ಆಗುತ್ತದೆ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ಟಾರ್ಚು ವಾಸಿ, ಎರಡೂ ಕೈ ಬಿಡುವಾಗಿರುತ್ತವೆ. ಇಳಿಯಲು ನೂಕುನುಗ್ಗಲಿನ ಹೊತ್ತು ಬಿಟ್ಟು ಬೆಳಕಾಗುವವರೆಗೆ ಕಾಯಿರಿ. ಇಳಿಯುವಾಗ ಚಪ್ಪಲಿ ಹಾಕಬಹುದೇ ಎಂಬುದು ನಿಮಗೂ ದೇವಿಗೂ ಬಿಟ್ಟದ್ದು, ಚೀಲದಲ್ಲಿ ಒಂದು ಜೊತೆ ಇದ್ದರೆ ತಪ್ಪಿಲ್ಲ.

ಹೈಸ್ಕೂಲು ಮಕ್ಕಳನ್ನು ಒಂದು ದಿನದಲ್ಲಿ ಬೆಟ್ಟ, ಇತಿಹಾಸ ಎರಡೂ ಇರುವ ಕಡೆ ಕರೆದೊಯ್ಯಬೇಕು. (ಹೊಳೆನರಸೀಪುರದ ಶಿಕ್ಷಕರು)

ನಿಮಗೆ ಶ್ರವಣಬೆಳಗೊಳವೇ ಹತ್ತಿರ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ ಸುಮಾರು 650 ಮೆಟ್ಟಿಲು, ಬರಿಗಾಲು. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಹತ್ತಿಸಿ, ಮಕ್ಕಳಿಗೆ ಹತ್ತಿಯ ಕಾಲುಚೀಲ ತರಲು ಹೇಳಿ. ನೈಲಾನಿನದು ಜಾರುತ್ತದೆ. 58 ಅಡಿ ಗೊಮ್ಮಟನನ್ನು, ಚಾವುಂಡರಾಯ ನಿಲ್ಲಿಸಿದ 981ನೇ ಇಸವಿಯನ್ನು ಎಲ್ಲರೂ ಹೇಳುತ್ತಾರೆ. ಪಾಠಕ್ಕೆ ಚಂದ್ರಗಿರಿಯೇ ಮೇಲು. ಮೆಟ್ಟಿಲು ಕಡಿಮೆ, ಜನ ಕಡಿಮೆ, ಹಾಸುಬಂಡೆಯ ಮೇಲೆ ಶಾಸನಗಳು ಕಾಲ ಬುಡದಲ್ಲೇ ಇವೆ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಮಾತ್ರ ಅಕ್ಷರ ಎದ್ದು ಕಾಣುತ್ತದೆ, ನಡುಹಗಲಿನಲ್ಲಿ ಬಂಡೆ ಬೋಳಾಗಿ ಕಾಣುತ್ತದೆ.

ಸಕಲೇಶಪುರದತ್ತ ಹೋಗುವುದಾದರೆ ಮಂಜರಾಬಾದ್. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಕೋಟೆ. ಸುಮಾರು 250 ಮೆಟ್ಟಿಲು. ಒಳಗೆ ನಿಂತರೆ ನಕ್ಷತ್ರ ಗೊತ್ತಾಗುವುದಿಲ್ಲ. ಒಂದು ಮೂಲೆಯ ತುದಿಗೆ ಮಕ್ಕಳನ್ನು ನಿಲ್ಲಿಸಿ ಪಕ್ಕದ ಎರಡು ಮೂಲೆಗಳನ್ನು ನೋಡಲು ಹೇಳಿ. ಗೋಡೆಯ ಬುಡಕ್ಕೆ ಬಂದವನು ಯಾವುದಾದರೂ ಮೂಲೆಯಿಂದ ಕಂಡೇ ಕಾಣುತ್ತಾನೆ, ಬಂದೂಕಿಗೆ ಮರೆ ಉಳಿಯದಂತೆ ಕಟ್ಟಿದ ಉಪಾಯ ಅದು. ಮಳೆಯಲ್ಲಿ ಗೋಡೆಯ ಮೇಲೆ ಹತ್ತಿಸಬೇಡಿ.

ಮಳೆಗೆ ರೇನ್‌ಕೋಟೋ, ಕೊಡೆಯೋ, ಕಂಬಳಿಕೊಪ್ಪೆಯೋ? (ಸಕಲೇಶಪುರ)

ಕಂಬಳಿಕೊಪ್ಪೆಯ ಕಾಲ ಮುಗಿಯಿತು ಎನ್ನುವವರು ಅದನ್ನು ಹಾಕಿದವರಲ್ಲ. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ, ಒಳಗೆ ಬೆವರು ಕಟ್ಟುವುದಿಲ್ಲ. ಆದರೆ ನೀರು ಕುಡಿದರೆ ಭಾರ, ಏರಿಗೆ ಕಷ್ಟ. ಗದ್ದೆಗೆ ಕಂಬಳಿ, ಬೆಟ್ಟಕ್ಕೆ ಕಂಕುಳಲ್ಲಿ ಗಾಳಿಕಿಂಡಿ ಇರುವ ರೇನ್‌ಕೋಟು. ಚೀಲಕ್ಕೆ ಹೊರಗಿನ ಕವರನ್ನು ನಂಬದೆ ಒಳಗೇ ಗೊಬ್ಬರದ ಚೀಲದ ಪ್ಲಾಸ್ಟಿಕ್ ಒಳಪದರದಂಥ ದಪ್ಪ ಕೊಟ್ಟೆ ಇಟ್ಟು, ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ. ಕೊಡೆ ಕಾರಿನಲ್ಲೇ ಇರಲಿ. ಏಣಿನ ಗಾಳಿಗೆ ಮೊದಲ ಹೊಡೆತಕ್ಕೇ ಮಗುಚುತ್ತದೆ.